ಮಾವನ ಏಳನೆಯ ಸುರುಳಿ

ಗೋಡೆಯ ಮೇಲಿನ ದೊಡ್ಡ ಸ್ವಿಚ್ಚು ಕೆಳಗಿದೆಯೋ ಇಲ್ಲವೋ ಎಂದು ನೋಡುವುದು ಬಾತ್ಮಾಳ ಕೆಲಸವಾಗಿತ್ತು. ಕೆಳಗಿದ್ದರೆ ಮನೆಗೂ ಊರಿನ ತಂತಿಗೂ ಸಂಬಂಧವಿಲ್ಲ, ಮಾವ ಕೊಟ್ಟಿಗೆಯಲ್ಲಿ ತನ್ನ ಯಂತ್ರ ಹಚ್ಚಬಹುದು. ಮೇಲಿದ್ದರೆ ಮಾವ ಹುಟ್ಟಿಸಿದ ಕರೆಂಟು ಮನೆಯೊಳಗೆ ನಿಲ್ಲದೆ ಕಂಬದ ತನಕ ಓಡುತ್ತದೆ. ಇದನ್ನು ಅವಳಿಗೆ ಹೇಳಿಕೊಟ್ಟವನು ಊರಿನ ಲೈನ್‌ಮನ್ ಎಸೆನ್.

“ಅತ್ತಿಗೆ, ನಿಮ್ಮ ಮಾವನ ಆಟಿಕೆ ಚೆನ್ನಾಗೇ ಇದೆ. ಆದ್ರೆ ನಾನು ಕಂಬದ ಮೇಲಿದ್ದಾಗ ಅದು ತಂತಿಗೆ ಬಂತು ಅಂದ್ರೆ ನಮ್ಮಮ್ಮ ಅಳ್ತಾಳೆ. ಅಷ್ಟು ನೆನಪಿಟ್ಕೊಳ್ಳಿ ಸಾಕು,” ಎಂದಿದ್ದ. ಅಳುವುದಕ್ಕೆ ಬೇರೆ ಯಾರೂ ಇಲ್ಲ, ಇನ್ನೂ ಮದುವೆಯಾಗಿಲ್ಲ ಎಂದು ನಕ್ಕಿದ್ದ.

ಎಸೆನ್ ಅವಳ ಗಂಡನ ಜೊತೆ ಶಾಲೆಗೆ ಹೋದವನು. ಗಂಡ ತೀರಿಕೊಂಡು ಎರಡು ಚಳಿಗಾಲ ಕಳೆದಿತ್ತು. ಬಾತ್ಮಾ ತವರಿಗೆ ಹೋಗಲಿಲ್ಲ. ಹೋಗು ಎಂದು ಮಾವ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ದಿನಕ್ಕೆ ನಾಲ್ಕು ಸಲ ಚಹಾ ಕೇಳುತ್ತಿದ್ದ.

ನಾರಿನ್ ಕಣಿವೆಯ ಆ ಊರಿನಲ್ಲಿ ಅವರದು ಕೊನೆಯ ಮನೆ. ಹಿಮ ಬಿದ್ದರೆ ತಂತಿ ಹರಿಯುತ್ತಿತ್ತು. ಸರ್ಕಾರದ ಸಾಮೂಹಿಕ ಬೇಸಾಯದ ಕಾಲದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಮಾವ ಹಿತ್ತಲಿನ ತೊರೆಗೆ ಒಂದು ಚಕ್ರ ಇಳಿಬಿಟ್ಟು ಅದಕ್ಕೆ ಹಳೆಯ ಕಾರಿನ, ಡಯೋಡು ಕಿತ್ತ ಆಲ್ಟರ್ನೇಟರ್ ಕಟ್ಟಿದ್ದ. ಅದು ಕೊಡುವ ಹನ್ನೆರಡು ವೋಲ್ಟನ್ನು ಇನ್ನೂರಿಪ್ಪತ್ತಕ್ಕೆ ಏರಿಸಲು ಟ್ರಾನ್ಸ್‌ಫಾರ್ಮರ್ ಬೇಕು. ಕೈಯಿಂದಲೇ ಆರು ಸುರುಳಿ ಸುತ್ತಿದ್ದ. ಆರೂ ಸುಟ್ಟಿದ್ದವು. ತಂತಿಯ ಸುತ್ತುಗಳನ್ನು ಅವನು ಸತ್ತ ಹೆಂಡತಿಯ ಜಪಮಣಿಯಲ್ಲಿ ಎಣಿಸುತ್ತಿದ್ದ. ಮಣಿ ತೊಂಬತ್ತೊಂಬತ್ತೇ ಇರುವುದೆಂದು ಬಾತ್ಮಾ ಹೇಳುವವರೆಗೆ ನೂರೆಂದೇ ಹಿಡಿದಿದ್ದ. ದೇವರನ್ನು ನಂಬದವನಿಗೆ ದೇವರು ಒಂದೊಂದೇ ಸುತ್ತು ಕಮ್ಮಿ ಮಾಡಿದ ಎಂದು ಎಸೆನ್ ಊರೆಲ್ಲ ಹೇಳಿಕೊಂಡು ತಿರುಗಿದ.

ಮಾವನ ಹೆಸರು ತೋಕ್ತೋಸುನ್. ಅವನಿಗಿಂತ ಮೊದಲು ಹುಟ್ಟಿದ ಮೂವರೂ ಹೋಗಿದ್ದರಿಂದ, ಸಾವು ಇಲ್ಲಿಗೆ ‘ನಿಲ್ಲಲಿ’ ಎಂದು ಇಟ್ಟ ಹೆಸರು. ಸೊಸೆ ಅದನ್ನು ಬಾಯಲ್ಲಿ ತರುವಂತಿಲ್ಲ, ಅದರ ತುಂಡನ್ನೂ ತರುವಂತಿಲ್ಲ. ಅವನನ್ನು ಅತಾ, ಅಂದರೆ ಅಪ್ಪ, ಎಂದೇ ಕರೆಯಬೇಕು. ಅಲ್ಲಿಯ ಮಾತಿನಲ್ಲಿ ಕರೆಂಟಿಗೆ ಹೇಳುವುದೇ ‘ತೋಕ್’ ಎಂದು. ಹಾಗಾಗಿ ಮದುವೆಯಾದ ದಿನದಿಂದ ಬಾತ್ಮಾ ಕರೆಂಟನ್ನು ಬೆಳಕು ಎನ್ನುತ್ತಿದ್ದಳು. ಬೆಳಕು ಹೋಯಿತು, ಬೆಳಕು ಬಂತು. ಇಸ್ತ್ರಿಪೆಟ್ಟಿಗೆ ಮುಟ್ಟಿದರೆ ಬೆಳಕು ಹೊಡೆಯಿತು.

ಮಾರ್ಚಿನಲ್ಲಿ ಮತ್ತೆ ತಂತಿ ಹರಿಯಿತು. ಮೂರನೆಯ ದಿನ ಹೊತ್ತು ಇಳಿಯುವಾಗ ಎಸೆನ್ ಬಂದ. ತಂತಿಗೆ ಯಾರೂ ಕರೆಂಟು ಬಿಡದಂತೆ ಕೆಳಗಿನ ಊರಿನಲ್ಲಿ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಬಂದಿದ್ದ. ಅಜ್ಜನ ಯಂತ್ರ ಹೇಗಿದೆ ಎಂದು ಕೇಳಿದ. ಏಳನೆಯದಕ್ಕೆ ವಾರ್ನಿಶ್ ಬಳಿದಿದ್ದಾರೆ, ಇನ್ನೆರಡು ದಿನ ಒಣಗಬೇಕಂತೆ ಎಂದಳು ಬಾತ್ಮಾ. ಹಾಗಾದರೆ ಭಯವಿಲ್ಲ ಎಂದು ಅವನು ಕಾಲಿಗೆ ಕಬ್ಬಿಣದ ಉಗುರು ಕಟ್ಟಿಕೊಂಡು ಕಂಬ ಹತ್ತಿದ.

ಅವಳು ಒಳಗೆ ಹೋಗಿ ಚಹಾ ಮಾಡಿದಳು. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಹೊರಟಳು. ಅರ್ಧ ದಾರಿ ದಾಟಿದ ಮೇಲೆ ಕಾಲು ನಿಂತಿತು. ಬೆಳಿಗ್ಗೆ, ಊರಿನ ಕರೆಂಟು ಬಂದಿದೆಯೇ ನೋಡೋಣವೆಂದು ಸ್ವಿಚ್ಚನ್ನು ಮೇಲಕ್ಕೆ ಒತ್ತಿದ್ದಳು. ಅಷ್ಟರಲ್ಲಿ ಹಾಲು ಉಕ್ಕಿತ್ತು. ಹಾಲಿನ ಕಡೆ ಓಡಿದ್ದು ನೆನಪಿತ್ತು. ಹಾಲು ಒರೆಸಿದ್ದು ನೆನಪಿತ್ತು. ಸ್ವಿಚ್ಚು ಇಳಿಸಿದ ಕೈ ನೆನಪಿಗೆ ಬರಲಿಲ್ಲ. ಇಳಿಸಿರಬೇಕು. ದಿನವೂ ಇಳಿಸುತ್ತಾಳೆ. ದಿನವೂ ಇಳಿಸಿದ್ದು ಇವತ್ತಿನದಾಗುತ್ತದೆಯೇ? ಹೇಗಿದ್ದರೂ ವಾರ್ನಿಶ್ ಒಣಗಿಲ್ಲವಲ್ಲ.

ತಿರುಗಿ ನೋಡಿದಳು. ಅಡುಗೆಮನೆಯ ಕಿಟಕಿ ಹಳದಿಯಾಗಿ ಉರಿಯುತ್ತಿತ್ತು. ಕೊಟ್ಟಿಗೆಯಿಂದ ಜೇನುಗೂಡಿನಂಥ ಸದ್ದು ಬರುತ್ತಿತ್ತು. ಎರಡು ದಿನ ಕಾಯಲು ಮಾವನಿಂದ ಆಗಿರಲಿಲ್ಲ.

ಮನೆಗೆ ಅರವತ್ತು ಹೆಜ್ಜೆ, ಕಂಬಕ್ಕೆ ಮೂವತ್ತು. ಮೇಲೆ ಎಸೆನ್ ಕೈಗವಸು ಕಳಚಿ ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ಗವಸು ಹಾಕಿಕೊಂಡು ತಂತಿ ಹೊಸೆಯಲು ಬರುವುದಿಲ್ಲ.

“ಎಸೆನ್, ಬೆಳಕಿದೆ! ಬೆಳಕಿದೆ!” ಎಂದು ಕೂಗಿದಳು.

ಅವನು ಗವಸನ್ನು ಕಂಕುಳಿಗೆ ಸಿಕ್ಕಿಸಿ ಸೂರ್ಯನ ಕಡೆ ನೋಡಿದ. “ಹೂಂ ಅತ್ತಿಗೆ, ಇನ್ನೂ ಒಂದು ಗಂಟೆ ಇದೆ. ಅಷ್ಟರೊಳಗೆ ಮುಗಿಸ್ತೀನಿ. ಚಹಾ ಆರಿಸ್ಬೇಡಿ.”

ಕೈ ಚಾಚಿದ.

ಅವಳು ಬಾಯಿ ತೆರೆದಳು. ಆರು ವರ್ಷದಿಂದ ಹಲ್ಲಿನ ಹಿಂದೆ ಕೂತಿದ್ದ ಪದ ಹೊರಡಲಿಲ್ಲ. ಬರೀ ಉಸಿರು ಬಂತು. ಚಹಾದ ಪಾತ್ರೆ ಹಿಮದಲ್ಲಿ ಬಿತ್ತು.

“ತೋಕ್!” ಎಂದಳು. ಒಮ್ಮೆ ಹೊರಟದ್ದು ಅರ್ಧಕ್ಕೆ ನಿಲ್ಲಲಿಲ್ಲ. “ತೋಕ್ತೋಸುನ್!”

ಮಾವನನ್ನು ಕರೆದಳೋ, ಕರೆಂಟು ನಿಲ್ಲಲಿ ಎಂದಳೋ ಅವಳಿಗೇ ತಿಳಿಯಲಿಲ್ಲ. ಎಸೆನ್‌ನ ಕೈ ತಂತಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಸೊಸೆಯೊಬ್ಬಳು ಮಾವನ ಹೆಸರು ಕೂಗಿದ್ದನ್ನು ಅವನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಕೊಟ್ಟಿಗೆಯ ಸದ್ದು ನಿಂತಿತು. ಕಿಟಕಿ ಕಪ್ಪಾಯಿತು.

ಮಾವ ಟೋಪಿಯಿಲ್ಲದೆ ಹೊರಗೆ ಬಂದ. ಕೈಯಲ್ಲಿ, ಗೋಡೆಯಿಂದ ಕಿತ್ತ ಯಂತ್ರದ ಪ್ಲಗ್ಗು ಇತ್ತು.

“ಯಾರು ಕರೆದಿದ್ದು?”

“ನಾನು, ಅತಾ.” ಅವಳು ತಲೆ ತಗ್ಗಿಸಿದಳು.

“ಹೆಂಗಸಿನ ದನೀಲಿ ಈ ಹೆಸರು ಕೇಳಿ ಐವತ್ತು ವರ್ಷ ಆಯ್ತು. ಬೆಂಕಿ ಹತ್ರ ಹೋದ್ರೆ ನಮ್ಮಮ್ಮ ಹೀಗೇ ಕೂಗ್ತಿದ್ಲು.” ಆಮೇಲೆ ಅವನ ಕಣ್ಣು ಕಂಬದ ಮೇಲೆ ಹೋಯಿತು. ಅಲ್ಲಿರುವವನನ್ನು ನೋಡಿದ. ತನ್ನ ಕೈಯಲ್ಲಿದ್ದುದನ್ನು ನೋಡಿದ. ಇದ್ದಲ್ಲೇ ಹಿಮದ ಮೇಲೆ ಕೂತ.

ಎಸೆನ್ ನಿಧಾನವಾಗಿ ಇಳಿದು ಬಂದ. ಗವಸು ಹಾಕಿಕೊಂಡ. “ಏನಜ್ಜ,” ಎಂದ, “ಏಳನೇದೂ ಸುಡ್ತಾ?”

“ಇಲ್ಲ,” ಎಂದ ಮಾವ. “ಇದು ಸರಿಯಾಗಿದೆ.”

ಮಾವ ಇಕ್ಕಳ ತರಿಸಿ ಪ್ಲಗ್ಗಿನ ತಂತಿಯನ್ನು ತಾನೇ ಕತ್ತರಿಸಿದ. ಊರಿನ ತಂತಿಯೂ ತನ್ನ ಯಂತ್ರವೂ ಒಟ್ಟಿಗೆ ಸೇರದಂಥ ಸ್ವಿಚ್ಚು ಮಾಡುವ ತನಕ ಚಕ್ರ ಇಳಿಸುವುದಿಲ್ಲ ಎಂದ. ಸೊಸೆಯ ಮುಖ ನೋಡದೆ, “ಇನ್ಮೇಲೆ ತೋಕ್ ಅನ್ನು. ನಾನೇ ಹೇಳ್ತಿದೀನಿ,” ಎಂದ. ಅವಳು ತಲೆಯಾಡಿಸಿದಳು.

ಎಸೆನ್ ಮತ್ತೆ ಕಂಬ ಹತ್ತಿ ತಂತಿ ಹೊಸೆದು ಹೋದ ಮೇಲೆ, ಸಂಜೆ ಊರಿನ ಕರೆಂಟು ಬಂತು. ಮಾವ ಚಹಾ ಬಟ್ಟಲು ಹಿಡಿದು ಅವಳ ಬಾಯನ್ನೇ ನೋಡುತ್ತಿದ್ದ.

“ಬೆಳಕು ಬಂತು, ಅತಾ,” ಎಂದಳು ಬಾತ್ಮಾ.

ಎದ್ದು ಹೋಗಿ ಸ್ವಿಚ್ಚು ನೋಡಿದಳು. ಮೇಲಿತ್ತು, ಊರಿನ ಕರೆಂಟಿಗೆ ಈಗ ಮೇಲೇ ಇರಬೇಕು. ಬಂದು ಕೂತಳು. ಚಹಾ ಬಗ್ಗಿಸಿದಳು. ಮತ್ತೆ ಎದ್ದಳು.