ಹೊಸ ಪೇಂಟಿನ ಕೆಳಗೆ

"ಗಟ್ಟಿಯಾಗಿ ಹಿಡ್ಕೋ!"

ಶ್ರೀದೇವಿ ಗಂಡನ ಸೊಂಟವನ್ನು ಎರಡೂ ಕೈಗಳಿಂದ ಬಾಚಿ ಹಿಡಿದಳು. ಚಿಕ್ಕಲ್ಲಸಂದ್ರದ ಇಳಿಜಾರಿನಲ್ಲಿ ಬೈಕು ತಲೆ ಒದರತೊಡಗಿತ್ತು. ಜ್ವರ ಬಂದವರ ಕೈಯಂತೆ ಹ್ಯಾಂಡಲ್ ಗಡಗಡ ನಡುಗುತ್ತಿತ್ತು. ಚಿದಾನಂದ ಬ್ರೇಕ್ ಒತ್ತಿದ. ನಿಲ್ಲುವ ಬದಲು ಬೈಕು ಎಡಕ್ಕೆ ಎಳೆಯಿತು. ಹಿಂದೆ ಬಸ್ಸಿನ ಹಾರ್ನ್. ಶ್ರೀದೇವಿ ಕಣ್ಣು ಮುಚ್ಚಿದಳು. ಬಸ್ಸು ಅವಳ ಮೊಣಕಾಲಿಗೆ ಬಿಸಿ ಗಾಳಿ ಬೀಸಿ ಮುಂದೆ ಹೋಯಿತು. ಕಣ್ಣು ತೆರೆದಾಗ ಬೈಕು ಚರಂಡಿಯ ಅಂಚಿನಲ್ಲಿ ನಿಂತಿತ್ತು.

"ಏನ್ರೀ ಆಯ್ತು?"

"ಏನಿಲ್ಲ. ರೋಡ್ ಸರಿ ಇಲ್ಲ."

ಶ್ರೀದೇವಿ ರಸ್ತೆಯತ್ತ ನೋಡಿದಳು. ಮೊನ್ನೆಯಷ್ಟೇ ಡಾಂಬರು ಹಾಕಿದ್ದರು. ಒಂದು ಗುಂಡಿಯೂ ಇರಲಿಲ್ಲ.

"ಇನ್ನು ನಡ್ಕೊಂಡೇ ಹೋಗೋಣ."

"ಹುಚ್ಚಾ ನಿಂಗೆ? ಹೊಸ ಗಾಡಿ, ಕೈ ಕೂರಬೇಕು. ಹತ್ತು."

ಹತ್ತಿದಳು. ಆದರೆ ಉತ್ತರಹಳ್ಳಿಯ ಮನೆ ಬರುವವರೆಗೆ ಗಂಡನ ಸೊಂಟ ಬಿಡಲಿಲ್ಲ.

ಹೊಸ ಗಾಡಿ ಅಂದರೆ ಅವರ ಪಾಲಿಗೆ ಹೊಸದು, ಅಷ್ಟೇ. ಬೈಕು ಏಕಾಂತಯ್ಯನವರದು. ಅವರು ಚಿದಾನಂದನಿಗೆ ತಾಯಿಯ ಕಡೆಯಿಂದ ಮಾವ. ಶ್ರೀನಗರದಲ್ಲಿ ಹಾರ್ಡ್‌ವೇರ್ ಅಂಗಡಿ. ಚಿದಾನಂದನಿಗೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕೆಲಸ ಕೊಡಿಸಿದವರೂ ಅವರೇ. ಮಂಡಿನೋವಿನಿಂದ ಓಡಿಸಲಾಗದೆ ಬೈಕು ಮಾರುತ್ತಿದ್ದರು. ಆ ಭಾನುವಾರ ಬೆಳಿಗ್ಗೆ ಕೀ ಕೈಗಿಟ್ಟು, "ಓಡಿಸ್ಕೊಂಡು ಹೋಗಿರಿ. ಹನ್ನೊಂದಕ್ಕೆ ನಾನೇ ಬರ್ತೀನಿ. ಪೂಜೆ ಮುಗಿಸಿ, ದುಡ್ಡು ಕೊಟ್ಟು, ಸೈನ್ ಹಾಕಿದ್ರೆ ಆಯ್ತು" ಎಂದಿದ್ದರು.

ನಾಳೆಯಿಂದ ಚಿದಾನಂದ ಇದೇ ಬೈಕಿನಲ್ಲಿ ಮಗಳನ್ನು ಬನಶಂಕರಿಯ ಶಾಲೆಗೆ ಬಿಟ್ಟು ಕೆಲಸಕ್ಕೆ ಹೋಗುವುದು ಎಂದು ತೀರ್ಮಾನವಾಗಿತ್ತು. ಮಗಳು ಜ್ಯೋತ್ಸ್ನಾ ಎರಡನೇ ಕ್ಲಾಸು. ಅವಳಿಗೆಂದೇ ಪುಟ್ಟ ಹೆಲ್ಮೆಟ್ ತಂದಿದ್ದರು. ಅದನ್ನು ಹಾಕಿಕೊಂಡೇ ಅವಳು ಇಡ್ಲಿ ತಿಂದಿದ್ದಳು. ಈಗ ಗೇಟಿನ ಹತ್ತಿರ ಅದೇ ಹೆಲ್ಮೆಟ್‌ನಲ್ಲಿ ಕಾಯುತ್ತಿದ್ದಳು.

"ಅಪ್ಪಾ, ನಂಗೊಂದು ರೌಂಡ್!"

"ಬೇಡ," ಎಂದಳು ಶ್ರೀದೇವಿ. ಅವಳ ದನಿ ಎಷ್ಟು ಜೋರಾಗಿತ್ತೆಂದರೆ ಮಗು ಹಿಂದೆ ಸರಿಯಿತು.

ಪೂಜೆಗೆಂದು ತಂದ ಬಿಡಿ ಸೇವಂತಿಗೆ ಬುಟ್ಟಿಯಲ್ಲಿತ್ತು. ಶ್ರೀದೇವಿ ಜಗಲಿಯಲ್ಲಿ ಕೂತು ದಾರದ ಉಂಡೆ ಬಿಚ್ಚಿ ಹೂ ಕಟ್ಟತೊಡಗಿದಳು. ಗಂಟು ತಪ್ಪುತ್ತಿತ್ತು. ಕಣ್ಣು ಬೈಕಿನ ಮೇಲೇ ಇತ್ತು. ಟ್ಯಾಂಕು, ಮುಂಭಾಗ, ಎಲ್ಲ ಕಪ್ಪಗೆ ಫಳಫಳ ಹೊಳೆಯುತ್ತಿತ್ತು. ಹಳೆಯ ಬೈಕಿಗೆ ಇಷ್ಟೊಂದು ಹೊಳಪು ಯಾಕೆ?

ಮಹಡಿಯಿಂದ ರಮ್ಯ ಇಳಿದು ಬಂದಳು. ಮನೆ ಓನರ್ ಚಿಕ್ಕಬೈರಪ್ಪನವರ ಮಗಳು. ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಅಪಘಾತವಾದ ಗಾಡಿಗಳನ್ನು ನೋಡಿ ವರದಿ ಬರೆಯುವುದು ಅವಳ ಕೆಲಸ.

"ಏನಣ್ಣ, ಗಾಡಿ ಸಖತ್ತಾಗಿದೆ! ಸ್ವೀಟ್ ಎಲ್ಲಿ?"

"ಪೂಜೆ ಆಗ್ಲಿ ತಡಿಯಮ್ಮ. ನಿಂಗೆ ಮೈಸೂರ್ ಪಾಕ್ ಗ್ಯಾರಂಟಿ."

"ರಮ್ಯ," ಶ್ರೀದೇವಿ ಹೂ ಕೆಳಗಿಟ್ಟಳು. "ಇಳಿಜಾರಲ್ಲಿ ಹ್ಯಾಂಡಲ್ ನಡುಗ್ತು ಕಣೆ. ಬ್ರೇಕ್ ಹಾಕಿದ್ರೆ ಎಡಕ್ಕೆ ಎಳೀತು."

"ಇವಳಿಗೆ ಲಿಫ್ಟ್ ಹತ್ತಕ್ಕೂ ಭಯ," ಎಂದು ಚಿದಾನಂದ ನಕ್ಕ.

ರಮ್ಯ ನಗಲಿಲ್ಲ. "ಒಂದ್ಸಲ ನೋಡ್ಲಾ?"

"ನೋಡೋದೇನಿದೆ? ನಮ್ಮ ಮಾವನ ಗಾಡಿ. ನಮ್ಮವರ ಹತ್ರ ಹೋಗಿ ಆಕ್ಸಿಡೆಂಟ್ ಆಗಿತ್ತಾ, ಕಾಗದ ಸರಿ ಇದೆಯಾ ಅಂತ ಕೇಳೋಕಾಗುತ್ತಾ? ನಾಳೆ ಅವರ ಮುಖ ಹೇಗೆ ನೋಡ್ಲಿ?"

"ನಾನು ಮಾವನ್ನ ನೋಡಲ್ಲ ಅಣ್ಣ. ಗಾಡಿನ ನೋಡ್ತೀನಿ."

ಮೊದಲು ಆರ್‌ಸಿ ಕೇಳಿದಳು. ಅದರಲ್ಲಿದ್ದ ಚಾಸಿಸ್ ನಂಬರನ್ನು, ಹ್ಯಾಂಡಲ್ ಕೆಳಗೆ ಕಬ್ಬಿಣದ ಮೇಲೆ ಕೊರೆದಿದ್ದ ನಂಬರಿನ ಜೊತೆ ಒಂದೊಂದೇ ಅಕ್ಷರ ಹಿಡಿದು ಓದಿದಳು. ಎಂಜಿನ್ ನಂಬರ್ ಕೂಡ ಹಾಗೇ. ಆಮೇಲೆ ಫೋನಿನಲ್ಲಿ ಸರ್ಕಾರದ ಪರಿವಾಹನ್ ವೆಬ್‌ಸೈಟ್ ತೆಗೆದು ಗಾಡಿ ನಂಬರ್ ಹಾಕಿದಳು.

"ನಂಬರ್ ಎರಡೂ ಸರಿ ಇದೆ. ಉಜ್ಜಿ ಬೇರೆ ನಂಬರ್ ಹೊಡೆದಿಲ್ಲ. ಅಂದ್ರೆ ಕದ್ದ ಗಾಡಿ ಅನ್ನೋ ಅನುಮಾನ ಬೇಡ. ಹೆಸರು ಅಂಕಲ್‌ದೇ. ಸಾಲ ಬಾಕಿ ಇಲ್ಲ, ಇನ್ಶೂರೆನ್ಸ್ ಇದೆ, ಫೈನೂ ಇಲ್ಲ."

"ನೋಡಿದ್ಯಾ!" ಚಿದಾನಂದ ಹೆಂಡತಿಯ ಕಡೆ ತಿರುಗಿದ. "ಎಲ್ಲ ಪಕ್ಕಾ. ಕಟ್ಟು ಹೂವ."

ಶ್ರೀದೇವಿಗೂ ಹಾಯೆನಿಸಬೇಕಿತ್ತು. ಅನಿಸಲಿಲ್ಲ.

"ಕಾಗದ ಪಕ್ಕಾ ಅಣ್ಣ. ಓಡೋದು ಕಾಗದ ಅಲ್ವಲ್ಲ," ಎಂದು ರಮ್ಯ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಮೀಟರ್ ನೋಡಿದ್ರೆ ಗಾಡಿ ಅಷ್ಟೇನೂ ಓಡಿಲ್ಲ. ಆದ್ರೆ ಬ್ರೇಕ್ ಪೆಡಲ್ ಸವೆದು ನುಣ್ಣಗಾಗಿದೆ. ಫುಟ್‌ರೆಸ್ಟ್ ರಬ್ಬರ್ ನೋಡಿ, ಗೆರೆನೇ ಇಲ್ಲ. ಮೀಟರನ್ನ ಹಿಂದಕ್ಕೆ ತಿರುಗಿಸಬಹುದು, ರಬ್ಬರನ್ನ ತಿರುಗಿಸಕ್ಕಾಗಲ್ಲ. ಅಕ್ಕ, ಆ ಹೂವಿನ ದಾರ ಕೊಡಿ."

"ದಾರ ಯಾಕೆ?"

"ಕೊಡಿ ಹೇಳ್ತೀನಿ. ಅಣ್ಣ, ಸೆಂಟರ್ ಸ್ಟ್ಯಾಂಡ್ ಹಾಕಿ ಹ್ಯಾಂಡಲ್ ನೇರ ಹಿಡ್ಕೊಳ್ಳಿ."

ಅವಳು ದಾರವನ್ನು ಹಿಂದಿನ ಟೈರಿಗೆ ಸುತ್ತಿ, ಎರಡೂ ಬದಿಯಿಂದ ಬಿಗಿಯಾಗಿ ಮುಂದಿನ ಚಕ್ರದವರೆಗೆ ಎಳೆದಳು. ಒಂದು ತುದಿಯನ್ನು ಶ್ರೀದೇವಿಯ ಕೈಗೆ ಕೊಟ್ಟಳು.

"ಮುಂದಿನ ಟೈರಿನ ಅಗಲ ಕಮ್ಮಿ. ಹಾಗಾಗಿ ಎರಡೂ ಕಡೆ ದಾರಕ್ಕೂ ಟೈರಿಗೂ ಸಂದು ಇರಬೇಕು, ಒಂದೇ ಅಳತೆ. ನಿಮ್ಮ ಕಡೆ ಎಷ್ಟಿದೆ ಅಕ್ಕ?"

ಶ್ರೀದೇವಿ ಬಗ್ಗಿ ನೋಡಿದಳು. "ಸಂದೇ ಇಲ್ಲ ಕಣೆ. ದಾರ ಟೈರಿಗೆ ತಾಗ್ತಿದೆ."

"ಈ ಕಡೆ ಎರಡು ಬೆರಳು ಹೋಗುತ್ತೆ."

ಎರಡು ಚಕ್ರಗಳು ಎರಡು ದಾರಿ ಹಿಡಿದು ನಿಂತಿದ್ದವು.

ರಮ್ಯ ಹ್ಯಾಂಡಲನ್ನು ಪೂರ್ತಿ ತಿರುಗಿಸಿ, ಫೋನಿನ ಬೆಳಕು ಹಾಕಿ, ಟ್ಯಾಂಕಿನ ಕೆಳಗಿನ ಸಂದಿಗೆ ಮುಖ ಇಟ್ಟಳು. ಬೈಕಿನ ಇಡೀ ಮೈ ಹ್ಯಾಂಡಲಿಗೆ ಸೇರುವ ಜಾಗ ಅದು, ಬೈಕಿನ ಕುತ್ತಿಗೆ. ತುಂಬಾ ಹೊತ್ತು ನೋಡಿದಳು.

"ಅಕ್ಕ, ಇಲ್ಲಿ ಹೆಬ್ಬೆರಳು ಇಡಿ. ಪೇಂಟ್ ಮೇಲೆ."

ಶ್ರೀದೇವಿ ಇಟ್ಟಳು. ಹೊರಗೆ ಅಷ್ಟು ನುಣುಪಾದ ಕಪ್ಪು, ಒಳಗೆ ಉಬ್ಬು ತಗ್ಗಾಗಿತ್ತು. ಹೊಲಿಗೆ ಹಾಕಿದ ಗಾಯದ ಮೇಲೆ ಬೆರಳಾಡಿಸಿದಂತೆ. ಅವಳು ಕೈ ಎಳೆದುಕೊಂಡಳು.

"ಕಂಪನಿ ವೆಲ್ಡಿಂಗ್ ಹೀಗಿರಲ್ಲ. ಒಂದೇ ಸಮ ಇರುತ್ತೆ. ಈ ಗಾಡಿ ಎಲ್ಲೋ ಜೋರಾಗಿ ಗುದ್ದಿದೆ. ಕುತ್ತಿಗೆ ಮುರಿದಿದೆ. ಯಾರೋ ಬೆಸುಗೆ ಹಾಕಿ, ಮೇಲೆ ಪೇಂಟ್ ಹೊಡೆದಿದ್ದಾರೆ. ಗುಂಡಿಗೆ ಬಿದ್ದಾಗ್ಲೆಲ್ಲ ಇದೇ ಜಾಗಕ್ಕೆ ಏಟು. ಒಂದಿನ ಬಿರುಕು ಬಿಟ್ರೆ ಹ್ಯಾಂಡಲ್ ನಿಮ್ಮ ಕೈಯಲ್ಲೇ ಇರುತ್ತೆ ಅಣ್ಣ, ಚಕ್ರ ನಿಮ್ಮ ಮಾತು ಕೇಳಲ್ಲ."

"ಆವಾಗ ಇದರ ಮೇಲೆ ಕೂತಿದ್ದವರು?" ಎಂದು ಶ್ರೀದೇವಿ ಕೇಳಿದಳು.

ರಮ್ಯ ಫೋನಿನ ಬೆಳಕು ಆರಿಸಿದಳು.

ಚಿದಾನಂದ ಜಗಲಿಯ ಮೇಲೆ ಕೂತ. ಯಾರನ್ನೂ ನೋಡದೆ ಹೇಳಿದ: "ಬಸ್ಸು ಬಂದಾಗ ಗಾಡಿ ನನ್ನ ಕೈಯಲ್ಲಿ ಇರ್ಲಿಲ್ಲ ಶ್ರೀದೇವಿ. ತಾನಾಗೇ ಹೋಗಿ ನಿಂತ್ಕೊಂತು."

ಅಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತಿತು. ಹಣೆ ತುಂಬ ವಿಭೂತಿ, ಕೈಯಲ್ಲಿ ನಿಂಬೆಹಣ್ಣು, ತೆಂಗಿನಕಾಯಿ. ಏಕಾಂತಯ್ಯನವರು ಕುಂಟುತ್ತ ಬಂದರು.

"ಏನಯ್ಯಾ, ಇನ್ನೂ ಹೂ ಹಾಕಿಲ್ಲ? ಎಲ್ಲರೂ ಯಾಕೆ ಹೀಗೆ ನಿಂತಿದ್ದೀರಿ?"

ಚಿದಾನಂದ ದಾಕ್ಷಿಣ್ಯದಿಂದ ಎದ್ದು ಮಾವನ ಕೈಯಿಂದ ತೆಂಗಿನಕಾಯಿ ಇಸಿದುಕೊಂಡ. ಕೊನೆಗೆ ರಮ್ಯಳೇ ಕೇಳಿದಳು.

"ಅಂಕಲ್, ಈ ಗಾಡಿಗೆ ಆಕ್ಸಿಡೆಂಟ್ ಆಗಿತ್ತಾ?"

"ಛೆ, ಛೆ! ನಾನು ನೆಟ್ಟಗೆ ಓಡಿಸೇ ಇಲ್ಲ. ಅಂಗಡಿ ಗಿರಾಕಿ ಚಕ್ರಪಾಣಿ ಕೊಟ್ಟಿದ್ದು. ನನ್ನ ಹೆಸರಿಗೆ ಮಾಡಿಸ್ಕೊಂಡೆ, ಮಂಡಿನೋವು ಶುರುವಾಯ್ತು, ನಿಲ್ಲಿಸ್ಬಿಟ್ಟೆ."

"ಅವರನ್ನ ಕೇಳಿದ್ರಾ?"

"ಹಳೇ ಗಿರಾಕಿ ಅಮ್ಮಾ. ಏನಂತ ಕೇಳೋದು?" ಅವರ ಮುಖ ಗಂಟಾಯಿತು. "ಏನೋ ಚಿದಾನಂದ, ನನ್ನ ಗಾಡಿಗೇ ಪರೀಕ್ಷೆನಾ? ಏನಾಗಿದೆ ಇದಕ್ಕೆ? ಬಾ ಪುಟ್ಟಿ, ಹತ್ತು. ಅಜ್ಜ ಒಂದು ರೌಂಡ್ ಹಾಕಿ ತೋರಿಸ್ತೀನಿ."

ಜ್ಯೋತ್ಸ್ನಾ ಕಾಯುತ್ತಲೇ ಇದ್ದಳು. ಓಡಿ ಹೋಗಿ ಹಿಂದಿನ ಸೀಟು ಹತ್ತಿದಳು. ಏಕಾಂತಯ್ಯನವರು ಸ್ಟ್ಯಾಂಡ್ ತೆಗೆದು ಹತ್ತಿ ಕೂತು, ಗಾಡಿಯಲ್ಲೇ ಇದ್ದ ಕೀ ತಿರುಗಿಸಿ ಬಟನ್ ಒತ್ತಿದರು. ಎಂಜಿನ್ ಗುಡುಗಿತು.

ಶ್ರೀದೇವಿ ಈ ಕುಟುಂಬಕ್ಕೆ ಸೊಸೆಯಾಗಿ ಬಂದಾಗಿನಿಂದ ಏಕಾಂತಯ್ಯನವರ ಎದುರು ದನಿ ಎತ್ತಿದವಳಲ್ಲ. ಈಗ ಹೂವಿನ ಬುಟ್ಟಿಯನ್ನು ದಾಟಿ ಹೋಗಿ, ಬೈಕಿನ ಮುಂದೆ ನಿಂತು, ಕೀ ತಿರುಗಿಸಿ ಎಂಜಿನ್ ಆರಿಸಿದಳು. ಮಗುವನ್ನು ಎತ್ತಿ ಎದೆಗೊತ್ತಿಕೊಂಡಳು.

"ಮಾವ, ತಪ್ಪು ತಿಳ್ಕೋಬೇಡಿ. ಮೊದಲು ಇಲ್ಲಿ ಬೆರಳಿಟ್ಟು ನೋಡಿ."

ಸಿಟ್ಟಿನಲ್ಲೇ ಅವರು ಇಳಿದು, ಬಗ್ಗಿ, ಬೆರಳಿಟ್ಟರು. ಕಬ್ಬಿಣ ಮಾರಿ ಕೂದಲು ಹಣ್ಣಾದ ಮನುಷ್ಯ. ಆ ಬೆರಳಿಗೆ ಬೆಸುಗೆ ಗೊತ್ತಿತ್ತು. ಒಂದು ಸಲ ಸವರಿದರು. ಇನ್ನೊಂದು ಸಲ ಸವರಿದರು. ಅವರ ಮುಖದ ಬಣ್ಣ ಇಳಿಯಿತು. ನಿಧಾನಕ್ಕೆ ಕೀ ತೆಗೆದು ಚಿದಾನಂದನತ್ತ ಚಾಚಿದರು. ಏನೋ ಹೇಳಲು ತುಟಿ ತೆರೆದರು.

ಅವರು ಹೇಳುವ ಮುಂಚೆ ನಿಮಗೊಂದು ಮಾತು, ಓದುತ್ತಿರುವ ಅಣ್ಣ, ಅಕ್ಕ, ಕೇಳುತ್ತಿರುವ ತಾಯಂದಿರೇ. ಇಂಥ ಕೀ ನಾಳೆ ನಿಮ್ಮ ಮುಂದೆಯೂ ಬರುತ್ತದೆ. ಹಿಡಿದವರು ನಿಮ್ಮ ಅಣ್ಣನಿರಬಹುದು, ಓನರ್ ಇರಬಹುದು, ಒಂದೇ ಮಠಕ್ಕೆ ಹೋಗುವವರಿರಬಹುದು. ಕೈ ಚಾಚುವ ಮುಂಚೆ ಆರ್‌ಸಿಯ ನಂಬರನ್ನೂ ಕಬ್ಬಿಣದ ಮೇಲಿನ ನಂಬರನ್ನೂ ನಿಮ್ಮ ಕಣ್ಣಿಂದಲೇ ಓದಿ. ಸಾಲ ಬಾಕಿ ಇದ್ದರೆ, ಅದು ತೀರಿದೆ ಎಂಬ ಬ್ಯಾಂಕಿನ ಎನ್‌ಒಸಿ ಬರುವವರೆಗೆ ಕಾಯಿರಿ. ನೀವು ಹೋಗುವ ಮುಂಚೆಯೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಯಾಕೆ ಎಂದು ಕೇಳಿ; ತಣ್ಣಗಿರುವಾಗ ಸ್ಟಾರ್ಟ್ ಆಗುತ್ತದೆಯೋ, ಹೊಗೆ ಕಾರುತ್ತದೆಯೋ ನೋಡಿ. ಖಾಲಿ ರಸ್ತೆಯಲ್ಲಿ, ಹೆಲ್ಮೆಟ್ ಹಾಕಿಕೊಂಡು, ನಿಧಾನವಾಗಿ ಓಡಿಸಿ ಬ್ರೇಕ್ ಹಾಕಿ ನೋಡಿ. ಹೊಸ ಪೇಂಟ್ ಕಂಡಲ್ಲಿ ಬೆರಳಿಡಿ. ದಾರ ಎಳೆಯಿರಿ. ಅರ್ಥವಾಗದಿದ್ದರೆ ಮಾರುವವರ ಮೆಕ್ಯಾನಿಕ್ ಬೇಡ, ನಿಮಗೆ ಗೊತ್ತಿರುವವರನ್ನು ಕರೆದುಕೊಂಡು ಹೋಗಿ. ಎಲ್ಲ ಸರಿಯಿದ್ದರೆ ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಇಬ್ಬರೂ ಸಹಿ ಹಾಕಿ. ಆರ್‌ಸಿಯೂ ಇನ್ಶೂರೆನ್ಸೂ ನಿಮ್ಮ ಹೆಸರಿಗೆ ಬರುವವರೆಗೆ ಬೆನ್ನು ಬಿಡಬೇಡಿ. ಕೇಳಿದರೆ ಬೇಜಾರಾಗುತ್ತಾರೆ ಎಂಬ ಭಯ ನಮಗೆಲ್ಲ ಇದೆ. ಬೇಜಾರು ನಾಲ್ಕು ದಿನದಲ್ಲಿ ಹೋಗುತ್ತದೆ. ಕೇಳಿ.

ಈಗ ಏಕಾಂತಯ್ಯನವರ ಮಾತು.

"ಚಿದಾನಂದ, ಇದು ನಾಲ್ಕು ಜನಕ್ಕೆ ಗೊತ್ತಾಗೋದು ಬೇಡ ಕಣಪ್ಪ. ನಂಗೆ ಇದರಿಂದ ಒಂದು ಪೈಸೆ ಬೇಡ. ನಮ್ಮ ವರ್ಕ್‌ಶಾಪಿನವರ ಹತ್ರ ಗಟ್ಟಿ ವೆಲ್ಡಿಂಗ್ ಮಾಡಿಸಿ ಕೊಡ್ತೀನಿ. ಮಗೂಗೆ ಅಜ್ಜ ಕೊಟ್ಟಿದ್ದು ಅಂದ್ಕೊಂಡು ಸುಮ್ನೆ ಇಟ್ಕೋ. ತಗೋ."

ಕೀ ಅವರ ಬೆರಳಲ್ಲಿ ನೇತಾಡುತ್ತಿತ್ತು. ಶ್ರೀದೇವಿ ಗಂಡನ ಮುಖ ನೋಡಿದಳು. ಇಷ್ಟು ವರ್ಷ ಮಾವ ಕೊಟ್ಟದ್ದನ್ನೆಲ್ಲ ತಲೆ ಬಗ್ಗಿಸಿ ತೆಗೆದುಕೊಂಡವನು. ಈಗಲೂ ಅವನ ಬಲಗೈ ತಾನಾಗೇ ಅರ್ಧ ಮೇಲೆದ್ದಿತು.

ಆ ಕೈಯನ್ನು ಅವನು ಬೆನ್ನ ಹಿಂದೆ ಕಟ್ಟಿಕೊಂಡ.

"ಬೇಡ ಮಾವ," ಎಂದ ಚಿದಾನಂದ. "ಪುಕ್ಕಟೆ ಕೊಟ್ರೂ ಬೇಡ."