ಬಯಲು ಖಾಲಿ ಮಾಡಿಸಿದವನು

ಆಸ್ಪತ್ರೆಯ ಹಾಸುಬಟ್ಟೆ ಒದ್ದೆಯಾದರೆ ಎತ್ತುವವರ ತೋಳು ಕಿತ್ತು ಬರುತ್ತದೆ. ನಮ್ಮ ಓಣಿಯ ಹೆಂಗಸರು ಬೆಳಗಾದರೆ ತೊಟ್ಟಿಗೆ ಇಳಿದು ಅಂಥವನ್ನೇ ಒಗೆಯುತ್ತಾರೆ. ಸೋಡಾಕ್ಕೆ, ಬ್ಲೀಚಿಂಗ್ ಪುಡಿಗೆ ಅವರ ಬೆರಳ ಸಂದಿ ಸೀಳಿರುತ್ತದೆ. ಉಪ್ಪು ತಾಗಿದರೆ ಉರಿ. ರಕ್ತದ ಕಲೆ, ಔಷಧದ ಕಲೆ, ಹೇಳಬಾರದ ಕಲೆ, ಎಲ್ಲವೂ ನಮ್ಮಲ್ಲಿಗೆ ಬರುತ್ತವೆ. ಹೋಗುವಾಗ ಬೆಳ್ಳಗೆ ಹೋಗುತ್ತವೆ. ಲಾಡ್ಜಿನ ಬಟ್ಟೆ, ತಾಲೂಕು ಕಚೇರಿಯ ಬಟ್ಟೆಯೂ ನಮ್ಮಲ್ಲಿಗೇ ಬರುತ್ತವೆ. ಒಗೆದದ್ದನ್ನು ಓಣಿಯ ಹಿಂದಿನ ಬಯಲಿನಲ್ಲಿ ಹರವುತ್ತೇವೆ, ಬಿಸಿಲು ಒಣಗಿಸುತ್ತದೆ. ಬಯಲು ಸರ್ಕಾರದ್ದು, ಬಿಸಿಲು ಯಾರದೂ ಅಲ್ಲ. ನನ್ನಜ್ಜಿಯ ಕಾಲದಿಂದ ಹೀಗೇ ನಡೆದಿತ್ತು.

ನನಗೆ ಸೊಂಟ ಹಿಡಿದ ಮೇಲೆ ಗಂಟು ಹೊರುವ ಕೆಲಸ ತಪ್ಪಿತು. ಆಕಾಶ ನೋಡಿ ಮಳೆ ಬರುತ್ತದೋ ಇಲ್ಲವೋ ಹೇಳುವ ಕೆಲಸ ಕೊಟ್ಟರು. ಬರುವುದಿಲ್ಲ ಎಂದ ದಿನವೆಲ್ಲ ಬಂತು. ಓಣಿಯವರು ನನಗೆ ಹವಾಮಾನ ಎಂದು ಹೆಸರಿಟ್ಟರು. ನಾನು ಬಾಯಿ ಬಿಟ್ಟರೆ ಸಾಕು, ಮೋಡ ವಿಳಾಸ ಕೇಳಿಕೊಂಡು ಬರುತ್ತದೆ ಎಂದು ನನ್ನ ಹೆಂಡತಿ ಎಲ್ಲರೆದುರೂ ಹೇಳುತ್ತಿದ್ದಳು.

ಸೋಲಾರ್ ಕಂಪನಿಯವರಿಗೆ ಇಂಥ ಬುದ್ಧಿವಂತನೇ ಬೇಕಿತ್ತು. ಅಷ್ಟು ಹೊತ್ತಿಗೆ ಸುತ್ತಮುತ್ತ ಎಲ್ಲಿ ನೋಡಿದರೂ ಸೋಲಾರ್. ಗುಡ್ಡದಾಚೆ ಒಂದು, ರೈಲು ಹಳಿಯ ಪಕ್ಕ ಇನ್ನೊಂದು. ಒಂದು ದಿನ ನಮ್ಮ ಬಯಲಿಗೂ ಗಾಡಿ ಬಂತು. ಡ್ರೋನ್ ಹಾರಿಸುವ ಸಾಹೇಬರು ಇಳಿದು, ಇಲ್ಲಿ ಎಲ್ಲರೂ ಯಾರ ಮಾತು ಕೇಳುತ್ತಾರೆ ಎಂದು ವಿಚಾರಿಸಿದರು. ಯಾರೂ ಉತ್ತರ ಕೊಡುವ ಮೊದಲೇ ನಾನು, ನನ್ನ ಮಾತು, ಅಂದುಬಿಟ್ಟೆ.

ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ವಿವರಿಸಿದರು. ಡ್ರೋನ್ ಮೇಲಿನಿಂದ ನೂರಾರು ಚಿತ್ರ ತೆಗೆಯುತ್ತದಂತೆ. ಆಮೇಲೆ ಅವನ್ನೆಲ್ಲ ಹೊಲಿದು ಒಂದೇ ನಕ್ಷೆ ಮಾಡಬೇಕಂತೆ. ಗಾಳಿಗೆ ಬಟ್ಟೆ ಅಲ್ಲಾಡುತ್ತಿದ್ದರೆ ಹೊಲಿಗೆ ಕೂರುವುದಿಲ್ಲ. ಜನ ಓಡಾಡಿದರೂ ಕೂರುವುದಿಲ್ಲ. ಒಂದೇ ಒಂದು ಬೆಳಗ್ಗೆ ಬಯಲು ಖಾಲಿ ಮಾಡಿಸಿಕೊಟ್ಟರೆ ಸಾಕು. ಇಷ್ಟು ಹೇಳಿ ಬೆನ್ನ ಮೇಲೆ ಕಂಪನಿಯ ಹೆಸರಿದ್ದ ಹಳದಿ ಜಾಕೆಟ್ ತೊಡಿಸಿದರು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಆ ಜಾಕೆಟ್ ಹಾಕಿಕೊಂಡೇ ಊಟ ಮಾಡಿದೆ, ಹಾಕಿಕೊಂಡೇ ಮಲಗಿದೆ. ಬೆಳಗ್ಗೆ ಬಯಲಿಗೆ ಹೋಗಿ ಎಲ್ಲರ ಮೇಲೆ ಹಾರಾಡಿದೆ. ಹಗ್ಗ ಬಿಚ್ಚಿಸಿದೆ, ಕಂಬ ಕೀಳಿಸಿದೆ. ಅಂಚಿನಲ್ಲಿ ಒಂದು ಟವೆಲ್ ಉಳಿದಿತ್ತು. ಅದು ಯಾರದೆಂದು ಕೂಗಾಡಿದೆ. ನಮ್ಮದೇ ಮನೆಯದು.

ಹೆಂಡತಿ ಅದನ್ನು ಎತ್ತಿಕೊಳ್ಳುತ್ತಾ ಕೇಳಿದಳು: "ರೀ, ನಾವಿಲ್ಲದ ಬಯಲಿನ ಫೋಟೋ ಅವರಿಗ್ಯಾಕೆ?"

"ನಿಂಗೆ ಟೆಕ್ನಿಕಲ್ ವಿಷಯ ಅರ್ಥ ಆಗಲ್ಲ, ಸುಮ್ನಿರು" ಅಂದೆ.

ಡ್ರೋನ್ ಹಾರಿತು, ಇಳಿಯಿತು. ಹೊಲಿಗೆ ಬಹಳ ಚೆನ್ನಾಗಿ ಕೂತಿತಂತೆ.

ಕೆಲವು ವಾರಗಳ ಮೇಲೆ ತಾಲೂಕು ಕಚೇರಿಯ ಗೋಡೆಗೆ ನೋಟೀಸು ಅಂಟಿತು. ಯಾರೂ ಬಳಸದ ಈ ಬಯಲನ್ನು ಸೋಲಾರ್ ಕಂಪನಿಗೆ ಕೊಡಲಾಗುವುದು, ತಕರಾರಿದ್ದವರು ಬಂದು ಹೇಳಬಹುದು ಎಂದಿತ್ತು. ಓದಿ ಹೇಳಿದಾಗ ಓಣಿಗೆ ಓಣಿಯೇ ಬೆಪ್ಪಾಯಿತು. ಬಯಲು ಹೋದರೆ ಬಟ್ಟೆ ಒಣಗುವುದಿಲ್ಲ. ಒಣಗದ ಬಟ್ಟೆ ಯಾರಿಗೂ ಬೇಡ. ಎಲ್ಲರ ಅನ್ನವೂ ಅಲ್ಲೇ ಹರವಿಕೊಂಡಿತ್ತು. ನಾನು, ಹೆದರಬೇಡಿ, ಕಂಪನಿಯವರು ನನಗೆ ಗೊತ್ತಿರುವವರೇ ಅಂದೆ.

ವಿಚಾರಣೆಯ ದಿನ ಅಧಿಕಾರಿಗಳು ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ಡ್ರೋನ್ ನಕ್ಷೆ ಬಿಟ್ಟರು. ನಮ್ಮ ಬಯಲು ಬೋಳಿಸಿದ ತಲೆಯ ಹಾಗಿತ್ತು. ಇದರಲ್ಲಿ ಒಂದು ಕರ್ಚೀಫಾದರೂ ತೋರಿಸಿ ಎಂದು ಅವರು ಕೇಳಿದರು. ಇದ್ದ ಕರ್ಚೀಫನ್ನೆಲ್ಲ ಮಡಚಿಸಿದವನು ನಾನೇ, ಮುಂದಿನ ಸಾಲಿನಲ್ಲೇ ಕೂತಿದ್ದೆ.

ಹೆಂಡತಿ ಎದ್ದು ನಿಂತಳು. "ಅಲ್ಲೊಬ್ಬ ಮನುಷ್ಯ ಕಾಣ್ತಾನಲ್ಲ ಸಾರ್, ಹಳದಿಗೆ?"

ಚಿತ್ರ ದೊಡ್ಡದು ಮಾಡಿದರು. ಬಯಲಿನ ನಡುವೆ ಒಬ್ಬ ಕತ್ತೆತ್ತಿ, ಬಾಯಿ ತೆರೆದು, ಹಣೆಗೆ ಕೈ ಹಚ್ಚಿ ನಿಂತಿದ್ದ. ಎಲ್ಲರಿಗೂ ಹೋಗಿ ಎಂದವನು ತಾನು ಹೋಗುವುದನ್ನು ಮರೆತಿದ್ದ.

"ಅವರು ಕಂಪನಿ ಸಿಬ್ಬಂದಿ, ಜಾಕೆಟ್ ನೋಡಿ" ಅಂದರು ಅಧಿಕಾರಿ.

ಅದು ನಾನು ಸಾರ್, ಈ ಓಣಿಯವನು ಎಂದು ಹೇಳಲು ಎದ್ದೆ. ಇಡೀ ಕೋಣೆ ನನ್ನ ಕಡೆ ತಿರುಗಿತು. ಅಧಿಕಾರಿಗಳೆದುರು ಮರ್ಯಾದೆ ಸಿಗಲಿ ಎಂದು ನಾನು ಅದೇ ಜಾಕೆಟ್ ಒಗೆದು ಹಾಕಿಕೊಂಡು ಬಂದಿದ್ದೆ. ಹಾಗೇ ಕೂತೆ. ಬಯಲನ್ನು ಯಾರೂ ಬಳಸುತ್ತಿಲ್ಲ ಎಂದೇ ಅಧಿಕಾರಿ ಬರೆದುಕೊಂಡರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೋಲು ಕೊಟ್ಟು ಪೆಟ್ಟು ತಿನ್ನುವವರು ಇರುತ್ತಾರೆ. ನಾನು ಕೋಲು ಕೊಟ್ಟು, ಊರವರ ಬೆನ್ನನ್ನೂ ತೋರಿಸಿದ್ದೆ.

ಹಿಂದಿರುಗುವಾಗ ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತೊಟ್ಟಿಯ ಹತ್ತಿರ ಬಂದ ಮೇಲೆ ಹೆಂಡತಿ ಎಲ್ಲ ಹೆಂಗಸರನ್ನೂ ಕೂರಿಸಿದಳು. ಒಣಗಿಸುವ ಜಾಗ ನಮಗಿಲ್ಲ ಎಂದು ಸರ್ಕಾರವೇ ಹೇಳಿದೆ, ನಾವು ಸರ್ಕಾರದ ಮಾತು ಮೀರುವುದು ಬೇಡ ಅಂದಳು. ಮೊದಲು ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ಓಣಿ ನಕ್ಕಿತು.

ಆಸ್ಪತ್ರೆಯದನ್ನು ಮಾತ್ರ ಒಣಗಿಸಿ ಕೊಟ್ಟೆವು. ಮಲಗಿದವರು ಪಾಪ ನಮಗೇನು ಮಾಡಿದ್ದರು. ಉಳಿದದ್ದೆಲ್ಲ ಒಗೆದು, ಹಿಂಡಿ, ಹಾಗೇ ಗಂಟು ಕಟ್ಟಿದೆವು. ಡ್ರೋನ್ ಸಾಹೇಬರು ಇಳಿದುಕೊಂಡಿದ್ದ ಲಾಡ್ಜಿನ ಹಾಸುಬಟ್ಟೆ ಹಾಗೇ ಹೋಯಿತು. ಕಚೇರಿಯ ಪರದೆಗಳನ್ನೂ ಮೇಜುಬಟ್ಟೆಗಳನ್ನೂ ನಾನೇ ಹೊತ್ತೆ. ಜಾಕೆಟ್ ಬಿಚ್ಚಿ ಒಲೆಯ ಮುಂದೆ ಒರೆಸುವ ಬಟ್ಟೆ ಮಾಡಿಯಾಗಿತ್ತು. ಸೊಂಟ ಕಿರುಚಿತು, ಕಿರುಚಲಿ ಅಂದುಕೊಂಡೆ.

ಗಂಟನ್ನು ಅಧಿಕಾರಿಯ ಮೇಜಿನ ಮೇಲೇ ಇಟ್ಟೆ. ನೀರು ಅಂಚಿನಿಂದ ಅವರ ಬೂಟಿನ ಮೇಲೆ ತೊಟ್ಟಿಕ್ಕತೊಡಗಿತು. ಅವರು ಕಾಲೆಳೆದುಕೊಂಡರು.

"ಏನಯ್ಯಾ ಇದು? ತಗೊಂಡು ಹೋಗಿ ಒಣಗಿಸಿ ತಾ."

"ಎಲ್ಲಿ ಸಾರ್?"

"ಎಲ್ಲಿ ಅಂದ್ರೆ? ಇಷ್ಟು ವರ್ಷ ಎಲ್ಲಿ ಒಣಗಿಸ್ತಿದ್ರೋ ಅಲ್ಲೇ, ಆ ಬಯಲಲ್ಲಿ..."

ಮಾತು ಅಲ್ಲಿಗೇ ನಿಂತಿತು. ಗುಮಾಸ್ತರು ಬರೆಯುವುದನ್ನು ಬಿಟ್ಟು ತಲೆಯೆತ್ತಿದರು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ತಲೆಯ ಮೇಲಿನ ಗಂಟಿನಿಂದ ನೀರು ಅವಳ ಕೆನ್ನೆಗೆ ಇಳಿಯುತ್ತಿತ್ತು.

"ಅದನ್ನೇ ಬರೆದು ಸಹಿ ಮಾಡ್ಕೊಡಿ ಸಾರ್" ಅಂದಳು.

ಅವರು, ಹೊರಗೆ ಹೋಗಿ, ಆಮೇಲೆ ನೋಡೋಣ ಅಂದರು. ನಾವು ಕದಲಲಿಲ್ಲ. ನೀರು ಮೇಜಿನ ಕೆಳಗಿಂದ ಗುಮಾಸ್ತರ ಕಡೆ ಹರಿಯತೊಡಗಿತು. ಅವಳ ಹಿಂದೆ ಮೆಟ್ಟಿಲ ಮೇಲೆ, ಅದರ ಹಿಂದೆ ಬೀದಿಯಲ್ಲಿ, ಓಣಿಯವರೆಲ್ಲ ಒದ್ದೆ ಗಂಟು ಹೊತ್ತು ಸಾಲಾಗಿ ನಿಂತಿದ್ದರು.