ಹೂಂ ಅನ್ನಲು ಒಬ್ಬರು

ಹೆಗಲಿಗೊಂದು ಕೈ, ಸೊಂಟಕ್ಕೊಂದು ಕೈ ಕೊಟ್ಟು ನರ್ಸು ಹುಡುಗಿಯನ್ನು ಮಗ್ಗುಲಿಗೆ ಹೊರಳಿಸಿದಳು. ಮಂಚದ ಆಚೆ ನಿಂತಿದ್ದ ತಾಯಿ ಮಗಳ ತಲೆಯನ್ನು ಅಂಗೈಯಲ್ಲಿ ಹಿಡಿದು, ಮೂಗಿನ ನಳಿಕೆ ಎಳೆಯದಂತೆ ಮೆಲ್ಲಗೆ ದಿಂಬಿನ ಮೇಲಿಟ್ಟಳು. ಈಗ ಹುಡುಗಿಯ ಮುಖ ತಾಯಿಯ ಕಡೆ, ಬೆನ್ನು ನರ್ಸಿನ ಕಡೆ. ಮಲಗಿದಲ್ಲೇ ಮಲಗಿದ ಮೈ ಹುಣ್ಣಾಗದಂತೆ ಆ ಬೆನ್ನನ್ನು ಒರೆಸಿ ಮುಲಾಮು ಸವರುವುದು ಮಧ್ಯಾಹ್ನದ ಕೆಲಸ. ಕಥೆ ಹೇಳುವುದೂ ಆಗಲೇ.

"ಕೊಡ ಹುಡುಕ್ಕೊಂಡು ಬಾವಿಗಿಳಿದಿದ್ಳಲ್ಲ, ಆ ಹುಡುಗಿ ಇನ್ನೊಂದು ಬಾಗಿಲು ತೆಗೆದ್ಳು," ಎಂದಳು ನರ್ಸು.

"ಹೂಂ," ಎಂದಿತು ಒಂದು ಸಣ್ಣ ದನಿ.

ಕಥೆ ಕೇಳುವವರು ಹೂಂ ಅನ್ನುತ್ತಿರಬೇಕು, ಇಲ್ಲದಿದ್ದರೆ ಕಥೆಯೊಳಗಿನವರು ದಾರಿ ತಪ್ಪುತ್ತಾರೆ ಎಂದು ನರ್ಸಿನ ಅಜ್ಜಿ ಹೇಳುತ್ತಿದ್ದಳು. ಮೆಟ್ಟಿಲಿನಿಂದ ಬಿದ್ದು ತಲೆಗೆ ಪೆಟ್ಟಾದ ಈ ಹುಡುಗಿ ಕರೆದರೆ ತಿರುಗುತ್ತಿರಲಿಲ್ಲ, ಚಿವುಟಿದರೆ ಕೈ ಎಳೆದುಕೊಳ್ಳುತ್ತಿರಲಿಲ್ಲ. ಇನ್ನು ಇಲ್ಲಿ ಮಾಡುವುದೇನಿಲ್ಲ, ಮನೆಗೆ ಕರೆದೊಯ್ಯಿರಿ ಎಂದು ಡಾಕ್ಟರು ಹೇಳುವುದರಲ್ಲಿದ್ದರು. ಅಂಥ ಒಂದು ಮಧ್ಯಾಹ್ನ, ವಾರ್ಡಿನ ಮೌನ ತಡೆಯಲಾರದೆ ನರ್ಸು ಅಜ್ಜಿಯ ಕಥೆಯೊಂದನ್ನು ಶುರು ಮಾಡಿದಾಗ, ಹೂಂ ಎಂಬ ಉತ್ತರ ಬಂದಿತ್ತು. ಆ ದಿನ ಅವಳು ವಾರ್ಡಿನ ತುಂಬಾ ಓಡಾಡಿ ಹೇಳಿಕೊಂಡು ಬಂದಿದ್ದಳು. ಡಾಕ್ಟರ ಮುಂದೆ ಹುಡುಗಿ ತುಟಿ ಬಿಚ್ಚಲಿಲ್ಲ. ಆದರೂ ಕೆಲವು ಮಕ್ಕಳು ಒಂದೇ ದನಿಗೆ ಓಗೊಡುವುದುಂಟು, ಇನ್ನಷ್ಟು ದಿನ ನೋಡೋಣ ಎಂದು ಅವರು ಹೇಳಿದ್ದರು.

ಆ ಸಂತೋಷವೇ ಅವಳ ಕಾಲಿಗೆ ತೊಡರಿತು. ನನ್ನನ್ನು ಕೆಳಗಿನ ಲಸಿಕೆ ಕೋಣೆಗೆ ಹಾಕಿ ಎಂದು ಅವಳು ಎಷ್ಟೋ ಕಾಲದಿಂದ ಕೇಳಿಕೊಳ್ಳುತ್ತಿದ್ದಳು. ಅಲ್ಲಿ ಮಕ್ಕಳು ಮುಗಿಲು ಹರಿಯುವಂತೆ ಅತ್ತು, ಮೂಗು ಒರೆಸಿಕೊಂಡು ಮನೆಗೆ ಹೋಗುತ್ತವೆ. ಅಳುವ ಮಕ್ಕಳು ಬೇಕಾಗಿದ್ದವು ಅವಳಿಗೆ. ಕೊನೆಗೂ ಜಾಗ ಖಾಲಿಯಾದಾಗ, ವಾರ್ಡಿನ ಉಸ್ತುವಾರಿಯ ದೊಡ್ಡ ಸಿಸ್ಟರ್ ಆಗುವುದಿಲ್ಲವೆಂದು ತಲೆಯಾಡಿಸಿಬಿಟ್ಟಳು. ಹೂಂ ಅನ್ನುವ ಮಗುವನ್ನು ಬಿಟ್ಟು ಹೋಗುತ್ತೀಯಾ ಎಂದು ಕೇಳಿದರೆ ಯಾರು ತಾನೇ ಹೌದೆಂದಾರು? ಅಜ್ಜಿಯ ಕಥೆ ಎಂದೋ ಮುಗಿದಿತ್ತು. ಬಾವಿಯ ಗೋಡೆಗೆ ಒಂದಾದ ಮೇಲೊಂದು ಬಾಗಿಲು ಕೊರೆಯುತ್ತ ನರ್ಸು ಅದನ್ನು ಎಳೆಯುತ್ತಿದ್ದಳು. ಮನೆಯಲ್ಲಿ ಸ್ವಂತ ಮಗಳು ಕಥೆ ಹೇಳು ಎಂದರೆ ಮಾತ್ರ ಅವಳ ಬಾಯಿಗೆ ಬೀಗ ಬೀಳುತ್ತಿತ್ತು.

"ಆ ಬಾಗಿಲ ಹಿಂದೆ ಒಂದು ಹಿತ್ತಲು," ಎಂದಳು. "ಬಾವಿಯೊಳಗೇ ಹಿತ್ತಲು. ಬಟ್ಟೆ ಒಣಗೋಕೆ ಹಾಕಿದ್ರು, ಬಿಸಿಲು ಮಾತ್ರ ಇರ್ಲಿಲ್ಲ."

ಹುಡುಗಿಗೆ ಕೆಮ್ಮು ಬಂತು. ಬೆನ್ನೆಲುಬು ಬಿಲ್ಲಿನಂತೆ ಬಾಗಿ, ಗಂಟಲಲ್ಲಿ ಕಫ ಗೊರಗುಟ್ಟಿ, ಒಂದರ ಮೇಲೊಂದು ಕೆಮ್ಮು. ಆ ಕೆಮ್ಮಿನ ನಟ್ಟನಡುವೆ, ಅದಕ್ಕೇನೂ ಸಂಬಂಧವಿಲ್ಲದಂತೆ, ಸ್ಪಷ್ಟವಾಗಿ ಕೇಳಿಸಿತು: "ಹೂಂ."

ಬೆನ್ನ ಮೇಲಿದ್ದ ನರ್ಸಿನ ಕೈ ನಿಂತಿತು.

ಅವಳು ಮೊದಲು ಕಫ ತೆಗೆದಳು. ಹುಡುಗಿಯ ಉಸಿರು ಹದಕ್ಕೆ ಬರುವವರೆಗೂ ಕಾದಳು. ಆಮೇಲೆ ತಲೆಯೆತ್ತಿದರೆ, ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ಮೊದಲ್ನೇ ದಿನ ಬಾಯಿ ತಪ್ಪಿ ಬಂತು ಅಕ್ಕಾ," ಎಂದಳು ತಾಯಿ, ಮಗಳು ಕೇಳಿಸಿಕೊಂಡಾಳೇನೋ ಎಂಬಷ್ಟು ಮೆಲ್ಲಗೆ. "ಕಥೆ ಅಂದ್ರೆ ನಂಗೂ ಅಭ್ಯಾಸ. ನೀವು ಇವಳೇ ಅಂದ್ಕೊಂಡು ನಕ್ಕುಬಿಟ್ರಿ. ಇಲ್ಲಿಗೆ ಬಂದಾಗಿಂದ ಇವಳನ್ನ ನೋಡಿ ಯಾರೂ ನಕ್ಕಿರ್ಲಿಲ್ಲ. ಹೇಗೆ ಹೇಳ್ಲಿ? ಆಮೇಲೆ ಡಾಕ್ಟ್ರು ಇನ್ನಷ್ಟು ದಿನ ಇರ್ಲಿ ಅಂದ್ರು. ಮನೇಲಿ ಇವಳಿಗೆ ಹೀಗೆ ಕಫ ಬಂದ್ರೆ ನನ್ನ ಕೈಲಿ ಏನಾಗತ್ತೆ?"

ನರ್ಸಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಅದಲ್ಲ. ಈ ಬೆನ್ನನ್ನು ಅಷ್ಟು ದಿನ ಸವರಿದ ಕೈಗೆ ಏನೊಂದೂ ತಿಳಿಯಲಿಲ್ಲವಲ್ಲ ಎಂದು ಅವಳು ತನ್ನ ಬೆರಳುಗಳನ್ನೇ ನೋಡಿಕೊಂಡಳು.

ಮಂಚದ ಸುತ್ತಲಿನ ಪರದೆ ಸರಿಸಿ ದೊಡ್ಡ ಸಿಸ್ಟರ್ ಇಣುಕಿದಳು. "ಏನಂತಾಳೆ ನಿನ್ನ ಶಿಷ್ಯೆ? ಬಾವಿ ಹುಡುಗೀನ ಬೇಗ ಮೇಲಕ್ಕೆ ಹತ್ತಿಸೇ ತಾಯಿ, ನೆಗಡಿ ಆದೀತು ಅವಳಿಗೆ." ತನ್ನ ಮಾತಿಗೆ ತಾನೇ ನಕ್ಕು, ದನಿ ತಗ್ಗಿಸಿದಳು. ಸಂಜೆ ಡಾಕ್ಟರು ಬಂದಾಗ ನರ್ಸು ಅವರಿಗೆ ಒಂದು ಮಾತು ಹೇಳಬೇಕಂತೆ. ಹುಡುಗಿ ಹೂಂ ಅನ್ನುತ್ತಿದ್ದರೆ ಇರಲಿ, ಇಲ್ಲದಿದ್ದರೆ ನಾಳೆ ತಾಯಿ-ಮಗಳು ಮನೆಗೆ, ನರ್ಸು ಕೆಳಗಿನ ಕೋಣೆಗೆ. "ಇವತ್ತು ಅಂದ್ಲಾ?"

ಮಂಚದ ಕಂಬಿಯ ಮೇಲೆ ತಾಯಿಯ ಬೆರಳುಗಳು ಬಿಗಿಯಾದವು. ನರ್ಸು ಬಾಯಿ ಬಿಟ್ಟರೆ ಆ ತಾಯಿಯ ಬಣ್ಣಗೇಡು, ಬಿಡದಿದ್ದರೆ ತನಗೇ ಕೇಡು.

"ಈಗಷ್ಟೇ ಕೆಮ್ಮಿ ಸುಸ್ತಾಗಿದಾಳೆ," ಎಂದಳು ನರ್ಸು. "ನೋಡಿ ಹೇಳ್ತೀನಿ."

"ನೋಡು ನೋಡು," ಎಂದು ದೊಡ್ಡ ಸಿಸ್ಟರ್ ಪರದೆ ಬಿಟ್ಟಳು. ಅವಳ ಚಪ್ಪಲಿ ಸದ್ದು ಪಕ್ಕದ ಮಂಚಗಳ ಕಡೆಗೆ ಹೋಯಿತು.

ಕೆಳಗಿನ ಕೋಣೆಯಿಂದ ಕೂಸೊಂದರ ಅಳು ಕಿಟಕಿಯ ಮೂಲಕ ಮೇಲೇರಿ ಬಂತು. ಸೂಜಿ ಚುಚ್ಚಿದ ಅಳು. ಮೊದಲು ದಿಗಿಲು, ಆಮೇಲೆ ದೂರು, ಕೊನೆಗೆ ಬರೀ ಬಿಕ್ಕಳಿಕೆ. ಅದು ಪೂರ್ತಿ ಅಡಗುವವರೆಗೂ ನರ್ಸು ಕಿವಿಗೊಟ್ಟು ನಿಂತಳು. ಮತ್ತೆ ಮುಲಾಮಿನ ಡಬ್ಬಿಗೆ ಬೆರಳದ್ದಿದಳು. ಬಿಸಿಲಿಲ್ಲದ ಹಿತ್ತಲಿನಿಂದ ಆ ಹುಡುಗಿಯನ್ನು ಎತ್ತ ಕರೆದೊಯ್ಯಬೇಕೆಂದು ಹೊಳೆಯಲಿಲ್ಲ. ಕಥೆ ಅಲ್ಲಿಗೇ ನಿಂತಿತ್ತು.

ತಾಯಿ ಬಗ್ಗಿ ಮಗಳ ಹಣೆಯ ಕೂದಲು ಸರಿಸಿದಳು. ನರ್ಸಿನ ಮುಖ ನೋಡಲಿಲ್ಲ.

"ಅಲ್ಲಿ ಒಬ್ಬಳು ಮುದುಕಿ ಬಟ್ಟೆ ಮಡಚ್ತಾ ಕೂತಿದ್ಳಂತೆ," ಎಂದಳು, ಮೊದಲ ಸಲ ಹಾಡುವವರಂತೆ ಅಳುಕುತ್ತ. "ಯಾರ ಬಟ್ಟೆ ಅಜ್ಜೀ ಅಂತ ಕೇಳಿದ್ರೆ, ನಿಂದೇ ಕಣೇ ಮಗಾ, ಹಾಕ್ಕೊಂಡು ಹೊರಡು ಅಂದ್ಳಂತೆ."

ಅಷ್ಟು ಹೇಳಿ ನಿಲ್ಲಿಸಿದಳು. ಹುಡುಗಿಯ ಅರೆತೆರೆದ ಕಣ್ಣು ಕಂಬಿಯ ಕಡೆಗೇ ಇತ್ತು. ನಳಿಕೆಯ ಸುತ್ತ ಉಸಿರು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು.

"ಹೂಂ," ಎಂದಳು ನರ್ಸು, ಸಣ್ಣ ದನಿಯಲ್ಲಿ.

ಪರದೆಯಾಚೆ ಹಿಂದಿರುಗುತ್ತಿದ್ದ ಚಪ್ಪಲಿ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ, ಮೊದಲಿಗಿಂತ ಹಗುರವಾಗಿ, ಮುಂದಕ್ಕೆ ಹೋಯಿತು.